ಮೋರ್ಯರ ಗುಡ್ಡಕ್ಕೆ ಒಬ್ಬರೇ ಹೊರಟಿದ್ದೀರಾ?

ಕೊಪ್ಪಳ ಜಿಲ್ಲೆಯಲ್ಲಿ ಗುಡ್ಡ ಹತ್ತಬೇಕು ಅಂದರೆ ಎಲ್ಲರ ಬಾಯಲ್ಲೂ ಬರುವುದು ಅಂಜನಾದ್ರಿ. ಸುಮಾರು 575 ಮೆಟ್ಟಿಲು, ಉದ್ದಕ್ಕೂ ಜನ, ದಾರಿ ತಪ್ಪುವ ಮಾತೇ ಇಲ್ಲ. ಕಾಲು ಪಳಗಿಸಿಕೊಳ್ಳಲು ಮೊದಲು ಅದನ್ನೇ ಹತ್ತಿ. ಹಳೆಯ ಶಿಲಾಗೋರಿಗಳಿರುವ ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಲೆಕ್ಕ ಬೇರೆ. ಗಂಗಾವತಿಯಿಂದ ಊರಿಗೆ ಸುಮಾರು 10 ಕಿ.ಮೀ. ಅಷ್ಟೇ, ಆದರೆ ಊರು ದಾಟಿದ ಮೇಲೆ ಬಂಡೆ, ಮುಳ್ಳುಕಂಟಿ, ಬಿಸಿಲು. ಪೂರ್ತಿ ನಡಿಗೆ.

ನವೆಂಬರ್‌ನಿಂದ ಜನವರಿಯೊಳಗೆ ಹೋಗಿ. ಬೇಸಿಗೆಯಲ್ಲಿ ಒಬ್ಬರೇ ಹೋಗುವುದು ಬೇಡವೇ ಬೇಡ. ಇಲ್ಲಿ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ಕಾದ ಬಂಡೆಯಿಂದಲೂ ಏಳುತ್ತದೆ. ಹಾಗಂತ ಕತ್ತಲಲ್ಲೇ ಹೊರಡಬೇಡಿ. ಕುರಿ ಕಾಯುವ ಅಜ್ಜ ಒಬ್ಬರು ನನ್ನನ್ನು ತಡೆದು ಹೇಳಿದ್ದರು: "ತಮ್ಮಾ, ನಸಕಿನ್ಯಾಗ, ಸಂಜಿಮುಂದ ಗುಡ್ಡದಾಗ ಇರಬ್ಯಾಡ. ಕರಡಿ ಅಡ್ಡಾಡ್ತಾವ." ಚಿರತೆ ಭಯವೂ ಈ ಭಾಗದಲ್ಲಿದೆ. ಚೆನ್ನಾಗಿ ಬೆಳಕಾದ ಮೇಲೆ ಹತ್ತಿ, ಬಿಸಿಲು ನೆತ್ತಿಗೆ ಬರುವ ಮುಂಚೆ ಇಳಿಯಲು ಶುರು ಮಾಡಿ.

ನೀರು ಕನಿಷ್ಠ 3 ಲೀಟರ್ ಇರಲಿ. ಅರ್ಧ ಖಾಲಿಯಾಯಿತಾ? ತುದಿ ಎಷ್ಟೇ ಹತ್ತಿರ ಕಂಡರೂ ವಾಪಸ್ ಬನ್ನಿ. ಬುತ್ತಿಗೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಸಾಕು, ಕೆಡುವುದಿಲ್ಲ.

ಹತ್ತುವಾಗ ಆಗಾಗ ತಿರುಗಿ ನೋಡಿ. ಬಂಡೆಗಳೆಲ್ಲ ಒಂದೇ ಥರ ಕಾಣುತ್ತವೆ, ಇಳಿಯುವಾಗ ದಾರಿ ಗೊತ್ತಾಗುವುದಿಲ್ಲ. ತಿರುವಿಗೊಂದು ಫೋಟೋ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ನೆಟ್‌ವರ್ಕ್ ನಂಬಬೇಡಿ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಮೇಲೆ ಮುಟ್ಟಿದ ಮೇಲೆ ಮಾತ್ರ ಅವಸರ ಮಾಡಬೇಡಿ, ನೀವು ಬಂದಿದ್ದೇ ಇದಕ್ಕೆ. 2,000 ವರ್ಷಕ್ಕೂ ಹಳೆಯ ಶಿಲಾಗೋರಿಗಳು, ಸುಮಾರು 400. ನಾಲ್ಕೂ ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿದ್ದಾರೆ. ಕೆಲವು ನನಗಿಂತ ಎತ್ತರ. ಕೆಲವದರ ಮುಂದಿನ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಇದೆ. ಕಬ್ಬಿಣಯುಗದ ಜನ ಇಷ್ಟು ದುಂಡಗೆ ಹೇಗೆ ಕೊರೆದರೋ ಅಂತ ನಾನು ಎಷ್ಟೋ ಹೊತ್ತು ಅಲ್ಲೇ ಕೂತಿದ್ದೆ. ಪಕ್ಕದ ಕೆರೆಯೂ ಚಪ್ಪಡಿ ತೆಗೆದ ಜಾಗವೇ. ಅದರ ನೀರು ಕುಡಿಯಬೇಡಿ.

ಬಂಡೆಯ ಮೇಲೆ ಕೂತ ಕಲ್ಲಿನ ನಗಾರಿಯೂ ಇಲ್ಲಿದೆ. ಬಡಿದರೆ ಸದ್ದು ದೂರಕ್ಕೆ ಕೇಳುತ್ತದೆ. ಆಸೆಯಾಗುತ್ತದೆ, ನಿಜ. ಆದರೆ ಬಂದವರೆಲ್ಲ ಕಲ್ಲು ಹಿಡಿದು ಕುಟ್ಟಿದರೆ ಏನು ಉಳಿಯುತ್ತದೆ ಹೇಳಿ? ನಿಧಿ ಆಸೆಗೆ ಅಗೆದವರಿಂದ ಎಷ್ಟೋ ಗೋರಿಗಳು ಈಗಾಗಲೇ ಬಿದ್ದಿವೆ. ಚಪ್ಪಡಿ ಹತ್ತಬೇಡಿ, ಹೆಸರು ಗೀಚಬೇಡಿ.

ಇಳಿಯುವಾಗ ಮಂಡಿಗೆ ಪೆಟ್ಟು ಜಾಸ್ತಿ. ಹಿಡಿತವಿರುವ ಶೂ, ಕೈಗೊಂದು ಕೋಲು ಬೇಕು. ಹತ್ತುವ ಮುಂಚೆ ಊರಲ್ಲಿ ಯಾರಿಗಾದರೂ ಎಷ್ಟೊತ್ತಿಗೆ ಬರುತ್ತೇನೆ ಅಂತ ಹೇಳಿ ಹೋಗಿ. ಬಂದ ಮೇಲೆ ಅವರಿಗೊಂದು ಮಾತು ತಿಳಿಸಿಯೇ ಬಸ್ ಹತ್ತಿ, ಇಲ್ಲದಿದ್ದರೆ ಪಾಪ, ಹುಡುಕಿಕೊಂಡು ಗುಡ್ಡಕ್ಕೆ ಹೋಗುತ್ತಾರೆ.