ಹುರುಳಿಯ ಭಾನುವಾರ

ಉಡುಪಿಯ ಈ ಬಾಡಿಗೆ ಕೋಣೆಯಲ್ಲಿ ನನ್ನ ವಾರ ಆರಂಭವಾಗುವುದು ಶನಿವಾರ ರಾತ್ರಿ, ಕಾಲು ಕಿಲೋ ಹುರುಳಿ ನೆನೆಹಾಕುವುದರಿಂದ. ಬೆಳಿಗ್ಗೆ ಕುಕ್ಕರಿನಲ್ಲಿ ಬೇಯಿಸಿ ಬಸಿದರೆ ನೀರು ಸಾರಿಗೆ, ಕಾಳು ತೆಂಗಿನತುರಿ ಹಾಕಿದ ಪಲ್ಯಕ್ಕೆ. ಒಮ್ಮೆ ಗ್ಯಾಸ್ ಹೊತ್ತಿಸಿದ್ದಕ್ಕೆ ಎರಡು ಅಡುಗೆ! ಸಾರಿನ ಒಗ್ಗರಣೆಗೆ ಬೆಳ್ಳುಳ್ಳಿ ಧಾರಾಳವಾಗಿರಬೇಕು. ಅಲ್ಲಿ ನಾನು ಲೆಕ್ಕ ನೋಡುವುದಿಲ್ಲ. ಮರುದಿನ ಮತ್ತೆ ಕುದಿಸಿದಾಗ ಅದರ ರುಚಿಯೇ ಬೇರೆ.

ಕುಚ್ಚಲಕ್ಕಿ ಬೇಯಲು ಬೆಳ್ತಿಗೆಗಿಂತ, ಅಂದರೆ ಬಿಳಿ ಅಕ್ಕಿಗಿಂತ, ಹೆಚ್ಚು ಹೊತ್ತು ಬೇಕು. ಅಮ್ಮ ಫೋನಿನಲ್ಲಿ ಹೇಳಿಕೊಟ್ಟಂತೆ ಚೆನ್ನಾಗಿ ಕುದಿ ಬರಿಸಿ, ಮುಚ್ಚಿಟ್ಟು ಸ್ನಾನಕ್ಕೆ ಹೋಗುತ್ತೇನೆ; ಆಮೇಲೆ ಸ್ವಲ್ಪ ಬೆಂಕಿ ಸಾಕು. ಗಂಜಿಗೆ ಉಪ್ಪಿನಕಾಯಿ.

ತರಕಾರಿ ಮುಗಿದ ದಿನ ಬಾವಿಕಟ್ಟೆಯ ಬಳಿಯ ಒಂದೆಲಗ ಇದೆ. ಒಂದು ಹಿಡಿ ಸೊಪ್ಪು, ಕಾಯಿತುರಿ, ಜೀರಿಗೆ ರುಬ್ಬಿ ಮಜ್ಜಿಗೆ ಬೆರೆಸಿದರೆ ತಂಬುಳಿ, ಒಲೆಯೇ ಬೇಡ. “ಬೇರು ಮಾತ್ರ ಕೀಳಬೇಡ ಮಾರಾಯ್ತಿ” ಎನ್ನುತ್ತಾರೆ ಮನೆಯ ಅಕ್ಕ.