ಪ್ಲಂಬಿಂಗ್ ಖರ್ಚು ಕೈಮೀರದಿರಲು ಏನು ಮಾಡಬೇಕು?

"ನಲ್ಲಿ, ಪೈಪು ಅಂತ ಪದೇ ಪದೇ ಖರ್ಚಾಗದ ಹಾಗೆ ನಾವೇನು ಮಾಡಬಹುದು?" ಪ್ಲಂಬಿಂಗ್ ಕೆಲಸಕ್ಕೆ ಹೋದ ಕಡೆಯೆಲ್ಲ ಈ ಪ್ರಶ್ನೆ ಎದುರಾಗುತ್ತದೆ. ಒಳ್ಳೆ ಕಂಪನಿಯ ನಲ್ಲಿ ಯಾವುದು, ಬ್ಲಾಕ್ ಬಿಡಿಸಲು ಯಾವ ಪುಡಿ ಹಾಕಬೇಕು, ಇಂಥದ್ದೇನಾದರೂ ಹೇಳುತ್ತೇನೆ ಅಂತ ಕಾಯುತ್ತಿರುತ್ತಾರೆ. ನಾನು ಮೊದಲು ಹೇಳುವುದು ಒಂದೇ: ಮನೆಯೊಳಗೆ ಬರುವ ನೀರನ್ನು ನೀವೇ ನಿಲ್ಲಿಸುವುದನ್ನು ಕಲಿಯಿರಿ.

ಯಾಕೆ ಅಂದರೆ, ಜಾಯಿಂಟ್ ಬಿಟ್ಟರೆ ಅದನ್ನು ಕೂಡಿಸುವುದು ಸಣ್ಣ ಕೆಲಸ. ಪ್ಲಂಬರ್ ಬರುವಷ್ಟರಲ್ಲಿ ಹರಿದ ನೀರೇ ದೊಡ್ಡ ಖರ್ಚು ತರುತ್ತದೆ. ಕಪಾಟಿನ ಹಲಗೆ ಉಬ್ಬುತ್ತದೆ, ಗೋಡೆಯ ಬಣ್ಣ ಏಳುತ್ತದೆ, ಕೆಳಗಿನ ಮನೆಯ ಚಾವಣಿ ಒದ್ದೆಯಾಗುತ್ತದೆ. ಅಂಥ ಹೊತ್ತಲ್ಲಿ ಇಡೀ ಮನೆಯ ನೀರು ನಿಲ್ಲಿಸುವ ಮೇನ್ ವಾಲ್ವ್ ಎಲ್ಲಿದೆ ಅಂತ ಕೇಳಿದರೆ ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಗೊತ್ತಿದ್ದರೂ ಅದು ತಿರುಗುವುದಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ವಾಲ್ವ್ ಒಳಗೆ ಉಪ್ಪು ಕಟ್ಟಿ, ತುಕ್ಕು ಹಿಡಿದು ಬಿಗಿದುಕೊಂಡಿರುತ್ತದೆ.

ಹಾಗಾಗಿ ಆರು ತಿಂಗಳಿಗೊಮ್ಮೆ ಮನೆಯ ಪ್ರತಿಯೊಂದು ವಾಲ್ವನ್ನೂ ಪೂರ್ತಿ ಮುಚ್ಚಿ, ಮತ್ತೆ ತೆರೆಯಿರಿ. ಮೇನ್ ವಾಲ್ವ್, ಟ್ಯಾಂಕಿನಿಂದ ಇಳಿಯುವ ಪೈಪಿನದು, ಸಿಂಕ್ ಕೆಳಗಿರುವ ಆಂಗಲ್ ವಾಲ್ವ್, ಕಮೋಡ್ ಪಕ್ಕದ್ದು, ಎಲ್ಲವನ್ನೂ. ಬರೀ ಕೈಯಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಸ್ವಲ್ಪ ಮುಂದೆ, ಸ್ವಲ್ಪ ಹಿಂದೆ ಮಾಡುತ್ತಾ ಹೋಗಿ. ಪಾನಾ ಹಾಕಿ ಜೋರು ಮಾಡಿದರೆ ಹಿಡಿಯ ಜೊತೆ ತಿರುಗುವ ಒಳಗಿನ ಕಡ್ಡಿ, ಅಂದರೆ ಸ್ಪಿಂಡಲ್ಲೇ ಮುರಿಯಬಹುದು. ಸುತ್ತಿ ಸುತ್ತಿ ತೆರೆಯುವಂಥ ವಾಲ್ವ್ ಆದರೆ ಪೂರ್ತಿ ತೆರೆದ ಮೇಲೆ ಕಾಲು ಸುತ್ತು ವಾಪಸ್ ತಿರುಗಿಸಿ ಬಿಡಿ, ಕೊನೆಯಲ್ಲಿ ಕಚ್ಚಿಕೊಳ್ಳುವುದು ತಪ್ಪುತ್ತದೆ. ತಿರುಗಿಸಿದ ಮೇಲೆ ಹಿಡಿಯ ಬುಡದಲ್ಲಿ ನೀರು ಜಿನುಗಿದರೆ ಗಾಬರಿ ಬೇಡ. ಅಲ್ಲೊಂದು ಗ್ಲ್ಯಾಂಡ್ ನಟ್ ಇರುತ್ತದೆ, ಅದನ್ನು ಒಂದು ಚೂರು ಬಿಗಿ ಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮುಚ್ಚಿದರೂ ನೀರು ನಿಲ್ಲದ ವಾಲ್ವ್ ಸಿಕ್ಕರೆ ಪುರುಸೊತ್ತಾಗಿ ಬದಲಾಯಿಸಿ. ಮನೆಯ ಎಲ್ಲರಿಗೂ, ದೊಡ್ಡ ಮಕ್ಕಳಿಗೂ, ಮೇನ್ ವಾಲ್ವ್ ತೋರಿಸಿಡಿ.

ಎರಡನೆಯದು, ಕಣ್ಣಿಗೆ ಬೀಳದ ಸೋರಿಕೆ. ತೊಟ್ಟಿಕ್ಕುವ ನಲ್ಲಿಯನ್ನಾದರೂ ಕಾಣಬಹುದು. ಸೆಕೆಂಡಿಗೆ ಒಂದು ಹನಿ ಬಿದ್ದರೂ ದಿನಕ್ಕೆ ಸುಮಾರು 20 ಲೀಟರ್ ಹೋಗುತ್ತದೆ. ವಾಷರ್ ಹಾಕುವ ನಲ್ಲಿಗೆ ಹೊಸ ವಾಷರ್ ಸಾಕು. ಅದು ಬಿಟ್ಟು ದಿನಾ ಇನ್ನಷ್ಟು ಗಟ್ಟಿ ಮುಚ್ಚುತ್ತಾ ಹೋದರೆ ವಾಷರ್ ಕೂರುವ ಜಾಗವೇ ಸವೆದು ನಲ್ಲಿಯನ್ನೇ ಬದಲಾಯಿಸಬೇಕಾಗುತ್ತದೆ. ಆದರೆ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುತ್ತದೆ ಅಲ್ವಾ? ಅದಕ್ಕೊಂದು ಸುಲಭದ ಪರೀಕ್ಷೆ ಇದೆ. ಟ್ಯಾಂಕಿನೊಳಗೆ ನಾಲ್ಕು ಹನಿ ತಿಂಡಿಗೆ ಹಾಕುವ ಬಣ್ಣ ಬಿಡಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನ ನೀರಿಗೆ ಬಣ್ಣ ಬಂದಿದ್ದರೆ ಒಳಗಿನ ರಬ್ಬರ್ ಹೋಗಿದೆ ಅಂತ ಅರ್ಥ.

ನೀರಿನ ಮೀಟರ್ ಇರುವವರು ಇಡೀ ಮನೆಯನ್ನು ಒಂದೇ ಸಲ ನೋಡಬಹುದು. ರಾತ್ರಿ ಎಲ್ಲ ನಲ್ಲಿ ಮುಚ್ಚಿ ಮೀಟರ್ ಬರೆದಿಡಿ. ಬೆಳಿಗ್ಗೆ ಯಾರೂ ನೀರು ಬಳಸುವ ಮೊದಲು ಮತ್ತೆ ನೋಡಿ. ರಾತ್ರಿ ಟ್ಯಾಂಕ್ ತುಂಬದಂತಿದ್ದರೆ, ಯಾವ ಮೆಷಿನ್ನೂ ಓಡದಿದ್ದರೆ, ಅಂಕಿ ಮುಂದೆ ಹೋಗಿರಬಾರದು. ಹೋಗಿದ್ದರೆ ಎಲ್ಲೋ ಸೋರುತ್ತಿದೆ. ಆಗ ಒಂದೊಂದೇ ವಾಲ್ವ್ ಮುಚ್ಚಿ ನೋಡುತ್ತಾ ಹೋದರೆ ಯಾವ ಲೈನಿನಲ್ಲಿ ಅಂತ ತಿಳಿಯುತ್ತದೆ. ಗೋಡೆ ಎಲ್ಲೆಂದರಲ್ಲಿ ಒಡೆಸುವ ಖರ್ಚು ಉಳಿಯುವುದು ಇಲ್ಲೇ.

ಸಿಂಕ್ ಮತ್ತು ವಾಷಿಂಗ್ ಮೆಷಿನ್ನಿಗೆ ಹೋಗುವ ಮೆತ್ತನೆಯ ಕನೆಕ್ಷನ್ ಪೈಪುಗಳನ್ನು ಮರೆಯಬೇಡಿ. ಅವುಗಳ ಮೇಲೆ ಯಾವಾಗಲೂ ನೀರಿನ ಒತ್ತಡ ಇರುತ್ತದೆ. ಬೆರಳಾಡಿಸಿ ನೋಡಿ. ಉಬ್ಬು, ಬಿರುಕು, ತುದಿಯಲ್ಲಿ ತುಕ್ಕು ಕಂಡರೆ ಬದಲಾಯಿಸಿ. ಊರಿಗೆ ಹೋಗುವಾಗ ಮೆಷಿನ್ನಿನ ನಲ್ಲಿ ಮುಚ್ಚಿಯೇ ಹೊರಡಿ.

ಇನ್ನು ಬ್ಲಾಕ್. ಸಿಂಕಿಗೆ ಎಣ್ಣೆ, ಜಿಡ್ಡು ಸುರಿಯಬೇಡಿ, ಒಳಗೆ ಹೋಗಿ ಗಟ್ಟಿಯಾಗುತ್ತದೆ. ಕುದಿಯುವ ನೀರು ಹುಯ್ದರೆ ಕರಗುತ್ತದೆ ಅಂತ ಹಲವರು ನಂಬಿದ್ದಾರೆ. ಪಿವಿಸಿ ಪೈಪು ತಡೆಯುವುದು ಸುಮಾರು 60 ಡಿಗ್ರಿ ಬಿಸಿ, ಕುದಿಯುವ ನೀರು 100 ಡಿಗ್ರಿ. ಪೈಪೇ ಮೆತ್ತಗಾಗುತ್ತದೆ. ಆಸಿಡ್ಡಂತೂ ಬೇಡವೇ ಬೇಡ. ಅದು ಬ್ಲೀಚ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ. ಬ್ಲಾಕ್ ಬಿಡಿಸುವ ಪುಡಿ ಸುರಿದ ಪೈಪನ್ನು ಬಿಚ್ಚುವವನ ಕೈ, ಕಣ್ಣಿಗೂ ಅಪಾಯ. ದಯವಿಟ್ಟು ಹಾಕಿದ್ದರೆ ಮೊದಲೇ ಹೇಳಿಬಿಡಿ. ಸಿಂಕ್ ಕೆಳಗೆ ಬಾಟಲಿಯಂತೆ ಕಾಣುವ, ಕಸ ನಿಲ್ಲುವ ಬಾಟಲ್ ಟ್ರ್ಯಾಪನ್ನು ಬಕೆಟ್ ಇಟ್ಟುಕೊಂಡು ಕೈಯಲ್ಲೇ ಬಿಚ್ಚಿ ತೊಳೆಯಬಹುದು. ಬಹಳಷ್ಟು ಬ್ಲಾಕ್ ಅಷ್ಟಕ್ಕೇ ಬಿಡುತ್ತದೆ.

ಗೋಡೆಯಲ್ಲೋ ಚಾವಣಿಯಲ್ಲೋ ಒದ್ದೆ ಕಲೆ ಕಂಡಾಗ ಕರೆಸಬೇಕೋ ಬೇಡವೋ ಅಂತಲೂ ಕೇಳುತ್ತಾರೆ. ನೀರು ತೊಟ್ಟಿಕ್ಕುತ್ತಿದ್ದರೆ, ಹತ್ತಿರ ಸ್ವಿಚ್ಚೋ ವೈರೋ ಇದ್ದರೆ ಕಾಯಬೇಡಿ, ತಕ್ಷಣ ಕರೆಸಿ. ಹಳೆಯ ಕಲೆಯಾ ಹೊಸದಾ ಅಂತ ಅನುಮಾನ ಇದ್ದರೆ ಅದರ ಅಂಚಿನ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ತಾರೀಕು ಬರೆಯಿರಿ. ಒಂದು ವಾರ ಬಿಟ್ಟು ನೋಡಿ. ಒದ್ದೆ ಗೆರೆ ದಾಟಿದ್ದರೆ ಒಳಗೆ ಇನ್ನೂ ಸೋರುತ್ತಿದೆ. ಬಣ್ಣ ಹೊಡೆಸುವ ಯೋಚನೆ ಬಿಟ್ಟು ಮೊದಲು ಪೈಪು ನೋಡಿಸಿ.