ಲಾಂಚ್ ಬಿಡಬೇಡಿ ಎನ್ನುವವರು ಯಾರು?

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ಮೇಲೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ, ಜನ-ವಾಹನಗಳನ್ನು ದಾಟಿಸುತ್ತಿದ್ದ ಲಾಂಚ್‌ನ ಮಾತೇ ಕಡಿಮೆಯಾಗಿದೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ಕಣಿವೆ ಮುಳುಗಿದಂದಿನಿಂದ ತುಮರಿ, ಬ್ಯಾಕೋಡಿನ ಜನ ಸಾಗರದ ಪೇಟೆಗೂ ಆಸ್ಪತ್ರೆಗೂ ಹಿನ್ನೀರು ದಾಟಿಯೇ ಬರುತ್ತಿದ್ದರು. ಅವರ ಸಂಭ್ರಮ ನ್ಯಾಯವಾದದ್ದೇ. ಆದರೆ ದೋಣಿ, ಲಾಂಚ್‌ಗಳನ್ನೇ ನಂಬಿದ ಕಡವುಗಳು ರಾಜ್ಯದಲ್ಲಿ ಇನ್ನೂ ಇವೆ, ಅಲ್ಲಿ ಹೊರಟ ದೋಣಿಯನ್ನು ತಡೆಯುವವರು ಯಾರು ಎಂಬ ಪ್ರಶ್ನೆಯೂ ಹಾಗೆಯೇ ಇದೆ.

ಬೇಸಿಗೆಯ ಕೊನೆಗೆ ಹಿನ್ನೀರು ಇಳಿದು, ಮುಳುಗಿದ್ದ ಮರಗಳ ಬೊಡ್ಡೆಗಳು ಕಪ್ಪಗೆ ಮೇಲೆದ್ದು, ಲಾಂಚ್‌ನ ಹಲಗೆ ದಡಕ್ಕೆ ಸರಿಯಾಗಿ ತಾಗದಂತಾದಾಗ ವಾಹನ ಹತ್ತಿಸುವುದನ್ನು ನಿಲ್ಲಿಸಿ ಜನರನ್ನು ಮಾತ್ರ ದಾಟಿಸಿದ್ದುಂಟು. ಗೊಣಗಿದರೂ ಜನ ಅದನ್ನು ಒಪ್ಪುತ್ತಿದ್ದರು, ಏಕೆಂದರೆ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಸಂಕ್ರಾಂತಿಯ ಹೊತ್ತಿನ ಸಿಗಂದೂರು ಜಾತ್ರೆಯಂಥ ನೂಕುನುಗ್ಗಲಿನಲ್ಲಿ ಹೆಚ್ಚಾಗುವ ಭಾರ ಹಾಗೆ ಕಾಣುವುದಿಲ್ಲ. ಕೆರೆಯಂತೆ ಮಲಗಿದ ನೀರು, ಇನ್ನೊಂದು ಹತ್ತು ಜನ ಹತ್ತಿದರೆ ಏನಾದೀತು ಎಂಬ ಧೈರ್ಯ ಕೊಡುತ್ತದೆ.

ನಿಂತ ನೀರು ಸುರಕ್ಷಿತವೆಂಬುದು ಭ್ರಮೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ದೋಣಿ ಮಗುಚಿ 45 ಜನ ಸತ್ತದ್ದು ಲಿಂಗನಮಕ್ಕಿಯಂಥದ್ದೇ ಅಣೆಕಟ್ಟಿನ ಹಿನ್ನೀರಿನಲ್ಲಿ. ತೂಕವೆಲ್ಲ ಮೇಲಂತಸ್ತಿಗೇರಿ, ಜನ ಒಮ್ಮೆಲೇ ಒಂದು ಬದಿಗೆ ಸರಿದರೆ ಸಾಕು, ದೋಣಿಯನ್ನು ಮಗುಚಲು ಅಲೆಯೇ ಬೇಕಿಲ್ಲ. 2023ರ ಮೇ 7ರಂದು ಕೇರಳದ್ದೇ ತಾನೂರಿನಲ್ಲಿ 22 ಜೀವಗಳನ್ನು ನುಂಗಿದ್ದು ಪ್ರವಾಸಿಗರಿಗಾಗಿ ಮಾರ್ಪಡಿಸಿದ್ದ ಮೀನುಗಾರಿಕೆ ದೋಣಿ. ಇವು ನೆರೆರಾಜ್ಯದ ಮಾತೆನ್ನುವಂತಿಲ್ಲ: 2019ರ ಜನವರಿಯಲ್ಲಿ ನಮ್ಮ ಕಾರವಾರದಲ್ಲೇ, ಕೂರ್ಮಗಡ ದ್ವೀಪದ ಜಾತ್ರೆಗೆ ಹೋದವರ ದೋಣಿ ಮಗುಚಿ 16 ಜನ ಸತ್ತರು.

ಕಾನೂನಿಗೇನೂ ಕೊರತೆಯಿಲ್ಲ. 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ನೋಂದಣಿ, ತಪಾಸಣೆ, ವಿಮೆ, ಜೀವರಕ್ಷಕ ಸಾಧನ, ಅರ್ಹ ಸಿಬ್ಬಂದಿ ಎಲ್ಲವನ್ನೂ ಹೇಳುತ್ತದೆ. ತೊಡಕಿರುವುದು ಬೇರೆಡೆ. ಹಿನ್ನೀರಿನ ಲಾಂಚ್ ಓಡಿಸುವುದು ಸರ್ಕಾರ, ತಪಾಸಣೆ ಮಾಡುವ ಸರ್ವೇಯರನ್ನು ನೇಮಿಸುವುದೂ ಸರ್ಕಾರ. ತನ್ನದೇ ಲಾಂಚನ್ನು ಜಾತ್ರೆಯ ದಿನ ನಿಲ್ಲಿಸಿ ಭಕ್ತರ ಬೈಗುಳ ಕೇಳಲು ಯಾವ ಇಲಾಖೆ ತಾನಾಗಿ ಮುಂದೆ ಬಂದೀತು? ಕೊನೆಗೆ ಆ ಹೊರೆ ಚಾಲಕನ ತಲೆಗೆ ಬರುತ್ತದೆ. ಎದುರಿಗೆ ನಿಂತ ಊರಿನ ಹಿರಿಯರಿಗೋ ರಾಜಕಾರಣಿಯ ಕಡೆಯವರಿಗೋ ಆತ ಇಲ್ಲವೆನ್ನಲಾರ.

ತಪಾಸಣಾ ಪತ್ರದಲ್ಲಿರುವ ಪ್ರಯಾಣಿಕರ ಮಿತಿಯನ್ನು ಕಡವಿನ ಟಿಕೆಟ್ ಕಿಟಕಿಯ ಪಕ್ಕದಲ್ಲೇ ಕನ್ನಡದಲ್ಲಿ ದೊಡ್ಡದಾಗಿ ಬರೆಸಬೇಕು, ಲಾಂಚ್‌ನ ಹೊರಮೈಗೆ ಭಾರದ ಗೆರೆ ಬಳಿಸಬೇಕು. ಗೆರೆ ಮುಳುಗಿದರೆ ಹೊರಡದಿರುವ ಅಧಿಕಾರ ಚಾಲಕನಿಗೆ ಲಿಖಿತವಾಗಿ ಸಿಗಬೇಕು, ಹಾಗೆ ತಡೆದ ಪ್ರತಿ ಯಾನವೂ ಒಂದು ರಿಜಿಸ್ಟರಿನಲ್ಲಿ ದಾಖಲಾಗಬೇಕು. ಅಪಘಾತವಾದ ಮೇಲಿನ ತನಿಖಾ ವರದಿಗಿಂತ, ಜಾತ್ರೆ ಮುಗಿದ ಮರುದಿನ ಆ ರಿಜಿಸ್ಟರಿನ ಪುಟ ಖಾಲಿಯಿದೆಯೋ ಇಲ್ಲವೋ ಎಂಬುದನ್ನು ಜಿಲ್ಲಾಧಿಕಾರಿ ನೋಡುವುದು ನನಗೆ ಹೆಚ್ಚು ಮುಖ್ಯವೆನಿಸುತ್ತದೆ.